ಎರಡು ಬಾಣ, ಒಂದು ಹಂದಿ: ‘ಕಿರಾತಾರ್ಜುನೀಯ’ದ ಯುದ್ಧವಿಚಾರ

ಭಾರವಿಯ ‘ಕಿರಾತಾರ್ಜುನೀಯ’ದಲ್ಲಿ ಅರ್ಜುನನ ತಪೋಭೂಮಿಯಾದ ಇಂದ್ರಕೀಲವು ಹಿಮವತ್ಪ್ರಾಂತದ್ದು, ಆಂಧ್ರರ ಸ್ಥಳಪುರಾಣವು ಅದನ್ನು ವಿಜಯವಾಡದ ಕೃಷ್ಣಾತೀರಕ್ಕೆ ತಂದು ನಿಲ್ಲಿಸಿದೆ. ಭೂಗೋಳದ ಈ ವ್ಯತ್ಯಾಸವನ್ನು ಹಿಡಿದು ವಾದಿಸುವುದು ವ್ಯರ್ಥ. ಅಲ್ಲಿಯ ಪ್ರಾಚೀನ ಕಲ್ಲುಕಂಬದಲ್ಲಿ ಕಿರಾತನ ಕಥೆಯನ್ನು ಕೆತ್ತಿದ ಶಿಲ್ಪಿಗೆ ಈ ವಿಷಯದಲ್ಲಿ ಸಂಶಯವಿದ್ದಂತೆ ಕಾಣುವುದಿಲ್ಲ. ಕನ್ನಡಿಗರಿಗಂತೂ ಕವಿಯನ್ನೂ ಈ ನಾಡನ್ನೂ ಕೂಡಿಸುವ ಬೇರೊಂದು ಸಾಕ್ಷ್ಯವಿದೆ. ಭಾರವಿಯ ಹೆಸರು ಕಾಲನಿರ್ದೇಶದೊಡನೆ ಮೊದಲು ದೊರೆಯುವುದು 634ರ ಐಹೊಳೆಯ ಶಾಸನದಲ್ಲಿ. ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಯೊಡನೆ ಸರಿತೂಗಿಸಿಕೊಂಡ ರವಿಕೀರ್ತಿಯೇ, ಇಮ್ಮಡಿ ಪುಲಕೇಶಿಯು ಪಿಷ್ಟಪುರವನ್ನು ಗೆದ್ದುದನ್ನೂ ಕುನಾಳದ ನೀರು ರಕ್ತದಿಂದ ಕೆಂಪಾದುದನ್ನೂ ಅದೇ ಶಾಸನದಲ್ಲಿ ಹಾಡಿದ್ದಾನೆ. ಎಂಟು ವರ್ಷಗಳೊಳಗೆ, 642ರಲ್ಲಿ, ವಾತಾಪಿಯೇ ಪಲ್ಲವರ ಪಾಲಾಯಿತು.

ಭಾರವಿಯ ಕಾವ್ಯವು ಆರಂಭವಾಗುವುದೇ ಯುದ್ಧದ ಕಾರಣವನ್ನು ಕುರಿತ ಚರ್ಚೆಯಿಂದ. ದ್ವೈತವನಕ್ಕೆ ಮರಳಿದ ವನೇಚರನು ದುರ್ಯೋಧನನ ದುಷ್ಟತನವನ್ನು ವರ್ಣಿಸುವುದಿಲ್ಲ. ಆತನು ಚೆನ್ನಾಗಿ ಆಳುತ್ತಿದ್ದಾನೆ, ಪ್ರಜೆಗಳನ್ನು ಒಲಿಸಿಕೊಂಡಿದ್ದಾನೆ ಎಂದು ವರದಿಮಾಡುತ್ತಾನೆ. ಪಾಂಡವರ ಕಳವಳಕ್ಕೆ ಮೂಲ ಇದೇ. ವೈರಿಯು ಕೆಟ್ಟವನೆಂಬುದಕ್ಕಿಂತ ಆತನು ದಿನದಿನಕ್ಕೆ ಬಲಿಯುತ್ತಿದ್ದಾನೆಂಬ ಭಯವೇ ಯುದ್ಧಕ್ಕೆ ಹೆಚ್ಚು ಪ್ರೇರಕವಾಗುತ್ತದೆಂಬುದನ್ನು ಇಷ್ಟು ನಿರುದ್ವಿಗ್ನವಾಗಿ ಹೇಳಿದ ಕವಿಗಳು ವಿರಳ. ಮುಂದೆ ದ್ರೌಪದಿಯು ಅವಮಾನವನ್ನು ಮುಂದಿಡುತ್ತಾಳೆ, ಭೀಮನು ಪೌರುಷವನ್ನು. ಯುಧಿಷ್ಠಿರನು ದುಡುಕಬಾರದೆನ್ನುತ್ತಾನೆ, ಮದವೇರಿದ ಅರಸನನ್ನು ಅವನ ಮಿತ್ರರೇ ತೊರೆಯುತ್ತಾರೆಂದು ವಾದಿಸುತ್ತಾನೆ. ಈ ವಾದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ವ್ಯಾಸರು ಬರುತ್ತಾರೆ. ಭೀಷ್ಮ ದ್ರೋಣ ಕರ್ಣರ ಬಲವನ್ನು ನೆನಪಿಸಿ, ಅಸ್ತ್ರಸಂಪಾದನೆಗಾಗಿ ಅರ್ಜುನನನ್ನು ತಪಸ್ಸಿಗೆ ಕಳುಹಿಸುತ್ತಾರೆ. ‘ಯುದ್ಧವೇಕೆ?’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಯಾವ ಆಯುಧದಿಂದ?’ ಎಂಬುದು ಬಂದು ಕುಳಿತದ್ದನ್ನು ಸಭೆಯಲ್ಲಿದ್ದ ಯಾರೂ ಗಮನಿಸುವುದಿಲ್ಲ. ವಿಮರ್ಶಕರೂ ಗಮನಿಸಿದ್ದು ಕಡಮೆ. ಗಂಗ ದುರ್ವಿನೀತನು ಈ ಕಾವ್ಯದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದನೆಂದು ಗಂಗರ ಶಾಸನಗಳು ಹೇಳುತ್ತವೆ. ರಾಜ್ಯವಾಳುವ ಪಂಡಿತನು ಮಂತ್ರಾಲೋಚನೆಯ ಸರ್ಗಗಳನ್ನು ಬಿಟ್ಟು, ಚಿತ್ರಬಂಧಗಳಿಂದ ಇಡಿಕಿರಿದ ಯುದ್ಧಸರ್ಗವನ್ನೇ ಆರಿಸಿಕೊಂಡನಲ್ಲ!

ಮರೆಯಾದ ಆ ಪ್ರಶ್ನೆ ಬೆಟ್ಟದ ಮೇಲೆ ಮತ್ತೆ ತಲೆಯೆತ್ತುತ್ತದೆ. ಹಂದಿಯೊಂದಕ್ಕೆ ಎರಡು ಬಾಣಗಳು ತಗಲುತ್ತವೆ. ಕೊಂದವನು ತನ್ನೊಡೆಯನೆಂದು ಕಿರಾತದೂತನು ಸಾಧಿಸಿ, ಬಾಣವನ್ನು ಕೇಳುತ್ತಾನೆ. ಸ್ನೇಹದ ಮಾತನ್ನೂ ಬೆದರಿಕೆಯನ್ನೂ ಒಂದೇ ಉಸಿರಿನಲ್ಲಿ ಆಡುತ್ತಾನೆ. ಅರ್ಜುನನೂ ಮಣಿಯನು. ಹಂದಿಯು ಅಲ್ಲಿ ನೆಪಮಾತ್ರ; ಮೊದಲು ಹೊಡೆದವನಾರೆಂಬ ಹಟವೇ ಕಾಳಗಕ್ಕೆ ಕಾರಣ. 1914ರಲ್ಲಿ ಯೂರೋಪಿನ ಸರ್ಕಾರಗಳು, ಸೇನೆಗಳು ಕಾದುತ್ತಿರುವಾಗಲೇ, ತಮ್ಮ ತಮ್ಮ ರಾಜತಾಂತ್ರಿಕ ಪತ್ರಗಳನ್ನು ಆಯ್ದು ಬಣ್ಣಬಣ್ಣದ ಹೊದಿಕೆಯ ಪುಸ್ತಕಗಳಾಗಿ ಅಚ್ಚುಹಾಕಿಸಿ, ಮೊದಲ ಬಾಣ ತಮ್ಮದಲ್ಲವೆಂದು ಸಾರಿದವು. ಕಿರಾತದೂತನ ವಾದವೇ ಅಲ್ಲಿ ತಿರುವುಮುರುವಾಗಿತ್ತು.

ಹನ್ನೊಂದನೆಯ ಶತಮಾನದಲ್ಲಿ ವೆಂಗಿಯೇ ಆ ಹಂದಿಯಾಯಿತು. (ಚಾಲುಕ್ಯರ ಲಾಂಛನವೂ ವರಾಹವೆಂಬುದು ಕಾಕತಾಳೀಯ.) ಕಲ್ಯಾಣದವರಿಗೆ ಅದು ಪುಲಕೇಶಿಯ ತಮ್ಮನಾದ ಕುಬ್ಜವಿಷ್ಣುವರ್ಧನನ ವಂಶದ ನಾಡು, ಚೋಳರಿಗೆ ಹೆಣ್ಣು ಕೊಟ್ಟ ಮನೆ. ರಾಜರಾಜನರೇಂದ್ರನ ತಾಯಿಯೂ ಪಟ್ಟದರಸಿಯೂ ಚೋಳರಾಜಪುತ್ರಿಯರೇ. ಇಬ್ಬರ ಹಕ್ಕಿಗೂ ಆಧಾರವಿತ್ತು, ಕಾದಾಟ ಮುಗಿಯದೆ ಹೋದುದೂ ಅದಕ್ಕೇ. 1054ರಲ್ಲಿ ಕೊಪ್ಪದ ರಣದಲ್ಲಿ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ವಿಜಯವಾಡದ ಬಳಿ ಚಾಲುಕ್ಯ ಸೇನೆಯನ್ನು ಸೋಲಿಸಿದುದಾಗಿ ವೀರರಾಜೇಂದ್ರನ ಶಾಸನಗಳು ಹೇಳಿದರೆ, ಬಿಲ್ಹಣನ ಕಾವ್ಯದಲ್ಲಿ ವೆಂಗಿಯ ಜಯವೂ ಚೋಳರ ಸೋಲೂ ವಿಕ್ರಮಾದಿತ್ಯನ ಪರಾಕ್ರಮಗಳು. ಪ್ರಶಸ್ತಿಗಳನ್ನೇ ನಂಬಿದರೆ ಇಲ್ಲಿ ಸೋತವರೇ ಇಲ್ಲ.

ಇದೇ ಸಂಘರ್ಷದ ಕಾಲದಲ್ಲಿ ರಾಜಮಹೇಂದ್ರವರದ ಆಸ್ಥಾನದಲ್ಲಿ ನನ್ನಯನು ಭಾರತವನ್ನು ತೆಲುಗಿಗೆ ತರುತ್ತಿದ್ದನು. ಅವನಿಗೆ ನೆರವಾದ ನಾರಾಯಣಭಟ್ಟನು ಕನ್ನಡದಲ್ಲಿಯೂ ಕವಿಯಾಗಿದ್ದನೆಂದು ನಂದಂಪೂಡಿಯ ಶಾಸನದಿಂದ ತಿಳಿಯುತ್ತದೆ. ಭಾರತಯುದ್ಧದಲ್ಲಿ ಕೃಷ್ಣನು ಅರ್ಜುನನಿಗೆ ಒದಗಿದಂತೆ ಈತನು ತನಗೆ ಒದಗಿದನೆಂದು ನನ್ನಯನೇ ಸ್ಮರಿಸಿದ್ದಾನೆ. ಎರಡು ನಾಡುಗಳ ದಂಡುಗಳು ಕಡಿದಾಡಿದ ಯುಗದಲ್ಲಿ ಆ ಉಪಮೆಗೆ ಸಲ್ಲುವ ಕೆಲಸವೊಂದು ಓಲೆಗರಿಯ ಮೇಲೆ ನಡೆದಿತ್ತು. ಹೊರನಾಡಿನ ಕನ್ನಡ ವಿದ್ವಾಂಸರು ತಮ್ಮ ಪೂರ್ವಿಕರನ್ನು ಅರಸುವಾಗ ದಂಡನಾಯಕರಿಗಿಂತ ಮೊದಲು ಈತನನ್ನು ಎಣಿಸಬಹುದು.

ಭಾರವಿಯ ಕಾವ್ಯಕ್ಕೊಂದು ದೊಡ್ಡ ಅನುಕೂಲವಿದೆ: ಎದುರಾಳಿಯು ಶಿವನಾದುದರಿಂದ ಕೊನೆಗೆ ಆಲಿಂಗನವೂ ಅಸ್ತ್ರಲಾಭವೂ ಆಗುತ್ತವೆ, ಹಂದಿಯ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ. ಕವಿಯ ಕೌಶಲವೂ ನುಣುಚಿಕೆಯೂ ಇಲ್ಲಿಯೇ ಇವೆ. ಚರಿತ್ರೆಗೆ ಆ ಅನುಕೂಲವಿರಲಿಲ್ಲ. 1068ರಲ್ಲಿ ಒಂದನೆಯ ಸೋಮೇಶ್ವರನು ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದನು. 1070ರಲ್ಲಿ ರಾಜರಾಜನರೇಂದ್ರನ ಮಗನೇ ಕುಲೋತ್ತುಂಗನೆಂಬ ಹೆಸರಿನಿಂದ ಚೋಳಸಿಂಹಾಸನವನ್ನೇರಲು, ವೆಂಗಿಯ ತಕರಾರು ತೀರಿತೆಂದೇ ತೋರಿತು. ಅರ್ಧಶತಮಾನ ಕಳೆಯುವುದರೊಳಗೆ ಆರನೆಯ ವಿಕ್ರಮಾದಿತ್ಯನ ದಂಡನಾಯಕರು ಮತ್ತೆ ವೆಂಗಿಯನ್ನಾಳುತ್ತಿದ್ದರು.