ಶೂಲವೂ ಶಿಲುಬೆಯೂ

ಪರಧರ್ಮದ ಚಿಹ್ನೆಯೊಂದನ್ನು ಕಾವ್ಯದಲ್ಲಿ ಕಂಡಾಗ ಸಹೃದಯನಿಗೆ ಎರಡು ಅಪಾಯಗಳುಂಟು. ಅದು ತನ್ನದಲ್ಲವೆಂದು ಮುಖ ತಿರುಗಿಸುವುದು ಮೊದಲನೆಯದು. ಅದು ತನ್ನಲ್ಲಿಯೂ ಇದ್ದದ್ದೇ ಎಂದು ಅವಸರದಿಂದ ಒಪ್ಪಿಬಿಡುವುದು ಎರಡನೆಯದು. ಮೊದಲನೆಯದು ಅನಾದರವೆಂಬುದು ಎಲ್ಲರಿಗೂ ತಿಳಿದಿದೆ. ಎರಡನೆಯದೂ ಒಂದು ಬಗೆಯ ಅನಾದರವೆಂಬುದು ಅಷ್ಟು ಸುಲಭವಾಗಿ ತೋರದು. ಕ್ರೈಸ್ತರ ಶಿಲುಬೆಯ ವಿಷಯದಲ್ಲಿ ಕನ್ನಡ ವಾಚಕರಿಗೆ ಒದಗಿರುವುದು ಬಹುಮಟ್ಟಿಗೆ ಈ ಎರಡನೆಯ ಅಪಾಯವೇ ಆಗಿದೆ. ಮಂಜೇಶ್ವರದ ಗೋವಿಂದ ಪೈಗಳು ೧೯೩೦ರ ದಶಕದಲ್ಲಿ ಯೇಸುವಿನ ಕಡೆಯ ದಿನವನ್ನೇ ವಸ್ತುವಾಗಿ ಮಾಡಿಕೊಂಡು "ಗೊಲ್ಗೊಥಾ" ಎಂಬ ಖಂಡಕಾವ್ಯವನ್ನು ಪ್ರಕಟಿಸಿದ ಮೇಲೆ ಈ ಪ್ರಶ್ನೆಯು ಕೇವಲ ಮತವಿಚಾರವಾಗಿ ಉಳಿಯದೆ ಕಾವ್ಯವಿಚಾರವೂ ಆಯಿತು. ಆದುದರಿಂದ ಆ ಚಿಹ್ನೆಯ ಅರ್ಥವನ್ನು ಕ್ರಮವಾಗಿ ವಿಚಾರಿಸಿ ನೋಡುವುದು ಉಚಿತವಾಗಿದೆ.

ಮೊದಲು ಶಬ್ದವನ್ನು ತೆಗೆದುಕೊಳ್ಳಬಹುದು. ಶಿಲುಬೆಯೆಂಬುದು ಸಂಸ್ಕೃತವೂ ಅಲ್ಲ, ಅಚ್ಚಗನ್ನಡವೂ ಅಲ್ಲ. ಸುರಿಯಾನಿ ಭಾಷೆಯ "ಸ್ಲೀಬಾ" ಎಂಬುದು ಅದರ ಮೂಲ. ತಮಿಳಿನ "ಸಿಲುವೈ" ಎಂಬುದೂ ಅದರಿಂದಲೇ ಹುಟ್ಟಿದೆ. ಕರಾವಳಿಯ ಕೊಂಕಣಿ ಕ್ರೈಸ್ತರ ಮಾತಿನಲ್ಲಿರುವ "ಖುರಿಸ್" ಪೋರ್ಚುಗೀಸರಿಂದ ಬಂದುದು. ಕನ್ನಡದಲ್ಲಿ "ಶೂಲ"ವೆಂಬ ಶಬ್ದವು ಇದ್ದೇ ಇತ್ತು; ಶೂಲಕ್ಕೇರಿಸುವುದೆಂದರೆ ಏನೆಂಬುದು ಹಳ್ಳಿಯ ಮಕ್ಕಳಿಗೂ ತಿಳಿದಿತ್ತು. ಆದರೂ ಆ ಶಬ್ದವು ನಿಲ್ಲಲಿಲ್ಲ, ಶಿಲುಬೆಯೇ ನಿಂತಿತು. ಶೂಲವೆಂದಿದ್ದರೆ ಕೇಳಿದವರ ಮನಸ್ಸು ಒಮ್ಮೆ ಕಳ್ಳನ ಕಡೆಗೂ ಒಮ್ಮೆ ಶಿವನ ತ್ರಿಶೂಲದ ಕಡೆಗೂ ಹರಿಯುತ್ತಿತ್ತು. ಅನ್ಯಶಬ್ದವು ಅನ್ಯವಾಗಿಯೇ ಉಳಿದು, ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳಬೇಕಾಯಿತು.

ಆ ಅರ್ಥದ ಮೂಲದಲ್ಲಿರುವುದು ಅಪಮಾನ. ರೋಮಕರ ರಾಜ್ಯದಲ್ಲಿ ಶಿಲುಬೆಯು ದಾಸರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆಯಾಗಿತ್ತು. ರೋಮದ ಪೌರನಿಗೆ ಸಾಮಾನ್ಯವಾಗಿ ಅದನ್ನು ವಿಧಿಸುತ್ತಿರಲಿಲ್ಲ. ಸ್ಪಾರ್ಟಕಸನ ದಾಸದಂಗೆಯು ಕ್ರಿ. ಪೂ. ೭೧ರಲ್ಲಿ ಅಡಗಿದ ತರುವಾಯ ಸುಮಾರು ೬೦೦೦ ಮಂದಿಯನ್ನು ಕಾಪುವದಿಂದ ರೋಮಿನವರೆಗಿನ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನೆಂಬ ವಚನವು ಯೆಹೂದ್ಯರ ಧರ್ಮಶಾಸ್ತ್ರದಲ್ಲಿದೆ. ಅಪೊಸ್ತಲನಾದ ಪೌಲನು ಇದನ್ನು ಮರೆಸಲಿಲ್ಲ. ಶಿಲುಬೆಯ ವಾರ್ತೆಯು ಯೆಹೂದ್ಯರಿಗೆ ಎಡವುವ ಕಲ್ಲಾಗಿಯೂ ಗ್ರೀಕರಿಗೆ ಹುಚ್ಚುಮಾತಾಗಿಯೂ ತೋರುವುದೆಂದು ಅವನೇ ಬರೆದನು. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ ಸುಮಾರು ಕ್ರಿ. ಶ. ೨೦೦ರ ಕಾಲದ್ದೆಂದು ಹೇಳಲಾಗುವ ಒಂದು ಗೋಡೆಗೀರು ಸಿಕ್ಕಿದೆ. ಅದರಲ್ಲಿ ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯನೊಬ್ಬನನ್ನು ಬರೆದು, ಅಲೆಕ್ಸಮೆನೋಸನೆಂಬವನು ಇಂಥ ದೇವರನ್ನು ಪೂಜಿಸುತ್ತಾನೆಂದು ಯಾರೋ ಹಾಸ್ಯಮಾಡಿದ್ದಾರೆ. ಯೇಸುವು ಶಿಲುಬೆಗೇರಿದ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು ಭಕ್ತನದಲ್ಲ, ಹಾಸ್ಯಗಾರನದು! ಕ್ರೈಸ್ತರಾದರೋ ಮೊದಮೊದಲು ಮೀನು, ಲಂಗರು ಮೊದಲಾದ ಗುರುತುಗಳನ್ನು ಹೆಚ್ಚಾಗಿ ಬಳಸುತ್ತಿದ್ದರು. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಶ್ರಯವು ದೊರೆತ ಮೇಲೆ ಶಿಲುಬೆಯು ಬಹಿರಂಗವಾಗಿ ಮೆರೆಯಿತು. ರೋಮಿನ ಸಂತ ಸಬೀನಾ ದೇವಾಲಯದ ಮರದ ಬಾಗಿಲ ಮೇಲೆ ಯೇಸುವನ್ನು ಶಿಲುಬೆಯ ಭಂಗಿಯಲ್ಲಿ ಕೆತ್ತಿದ್ದು ಸುಮಾರು ೪೩೦ರ ಕಾಲಕ್ಕೆ.

ಇಷ್ಟನ್ನು ತಿಳಿದವರು ಶಿಲುಬೆಗೂ ಸ್ವಸ್ತಿಕಕ್ಕೂ ಸಂಬಂಧ ಕಲ್ಪಿಸಲಾರರು. ಗೆರೆಗಳೆರಡು ಅಡ್ಡಹಾಯುವುದೊಂದೇ ಇವೆರಡರ ಸಾಮ್ಯ. ಸ್ವಸ್ತಿಕವು ಹೆಸರಿನಿಂದಲೇ ಮಂಗಳವಾದುದು; "ಸು" ಎಂಬುದೂ "ಅಸ್ತಿ" ಎಂಬುದೂ ಕೂಡಿ ಆದ ಶಬ್ದವದು. ಶಿಲುಬೆಯು ಅಮಂಗಳವಾಗಿ ಹುಟ್ಟಿ ಮಂಗಳವಾದುದು. ಒಂದು ಹೊಸಿಲಿನ ರಂಗವಲ್ಲಿ, ಮತ್ತೊಂದು ಊರಾಚೆಯ ವಧಾಸ್ಥಾನದ ಮರ. ಆಕಾರಸಾಮ್ಯವನ್ನೇ ಹಿಡಿದು ಅರ್ಥೈಕ್ಯವನ್ನು ಹೇಳುವುದು ವಿಮರ್ಶೆಯಲ್ಲ.

ನಿಜವಾದ ಹೋಲಿಕೆಯನ್ನು ಹುಡುಕುವವರು ಮಹಾಭಾರತದ ಆದಿಪರ್ವಕ್ಕೆ ಹೋಗಬೇಕು. ಮಾಂಡವ್ಯಮುನಿಯು ಮೌನವ್ರತದಿಂದ ತಪಸ್ಸಿನಲ್ಲಿದ್ದಾಗ ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟರು. ರಾಜಭಟರು ಬಂದು ಕೇಳಿದರೆ ಮುನಿಯು ಉತ್ತರ ಕೊಡಲಿಲ್ಲ. ಅರಸನು ಕಳ್ಳರೊಡನೆ ಅವನನ್ನೂ ಶೂಲಕ್ಕೇರಿಸಿದನು. ನಿರಪರಾಧಿ, ಆರೋಪದ ಎದುರಿಗೆ ಮೌನ, ಕಳ್ಳರ ಜೊತೆ, ಶೂಲ - ಪಿಲಾತನ ಆಸ್ಥಾನದಲ್ಲಿ ನಡೆದುದಕ್ಕೆ ಇಷ್ಟು ಹತ್ತಿರವಾದ ಕಥೆಯು ನಮ್ಮಲ್ಲಿ ಮತ್ತೊಂದಿಲ್ಲ. ಆದರೆ ಹತ್ತಿರ ಬಂದಷ್ಟೂ ಭೇದವು ಸ್ಫುಟವಾಗುತ್ತದೆ. ಮಾಂಡವ್ಯನು ತಪೋಬಲದಿಂದ ಬದುಕಿದನು. ತಪ್ಪೊಪ್ಪಿಕೊಂಡ ಅರಸನನ್ನು ಕ್ಷಮಿಸಿದನು. ಹೊರಗೆ ಬಾರದ ಶೂಲವನ್ನು ಕತ್ತರಿಸಲು, ಒಳಗುಳಿದ ತುಂಡಿನಿಂದ ಅಣಿಮಾಂಡವ್ಯನೆನಿಸಿದನು. ಬಳಿಕ ಅವನು ಧರ್ಮದೇವತೆಯ ಬಳಿಗೆ ಹೋಗಿ ತನಗೆ ಈ ನೋವು ಯಾವ ಕರ್ಮದ ಫಲವೆಂದು ಕೇಳಿದನು. ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದುದರ ಫಲವೆಂಬ ಉತ್ತರ ಬಂದಿತು. ಅಲ್ಪ ತಪ್ಪಿಗೆ ಮಹಾದಂಡವೆ ಎಂದು ಮುನಿಯು ಧರ್ಮನನ್ನೇ ಶಪಿಸಲು, ಅವನು ವಿದುರನಾಗಿ ಹುಟ್ಟಬೇಕಾಯಿತು.

ಇಲ್ಲಿರುವ ಪ್ರಶ್ನೆಯು ಲೆಕ್ಕದ ಪ್ರಶ್ನೆ. ನೋವು ಯಾರ ಲೆಕ್ಕಕ್ಕೆ ಸೇರಿದುದು? ಅನುಭವಿಸುವವನ ಲೆಕ್ಕಕ್ಕೇ ಸೇರಿದುದೆಂಬುದು ಕಥೆಯ ನಂಬಿಕೆ. ಲೆಕ್ಕವು ಸರಿಯಿಲ್ಲವೆಂಬುದಷ್ಟೇ ಮುನಿಯ ತಕರಾರು. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದಲ್ಲಿ ತೂಗುತ್ತಿದ್ದ ಕಳ್ಳನೊಬ್ಬನು ಇದಕ್ಕೆ ಬೇರೆ ಉತ್ತರವನ್ನು ಸೂಚಿಸುತ್ತಾನೆ. ತಾವಿಬ್ಬರು ಮಾಡಿದ್ದನ್ನು ಉಣ್ಣುತ್ತಿರುವುದು ನ್ಯಾಯವೇ, ಈತನಾದರೋ ಏನನ್ನೂ ಮಾಡಿದವನಲ್ಲವೆಂಬುದು ಅವನ ಮಾತಿನ ತಾತ್ಪರ್ಯ. ಹಾಗಾದರೆ ಈ ನೋವು ಯಾರದು? ಇತರರದೆಂದು ಕ್ರೈಸ್ತನು ನಂಬುತ್ತಾನೆ. ಈ ನಂಬಿಕೆಯ ವಿವರಣೆಯಲ್ಲಿ ಅವರೊಳಗೇ ಮತಭೇದಗಳಿವೆ. ಯೇಸುವು ಪಾಪಮೃತ್ಯುಗಳನ್ನು ಗೆದ್ದನೆಂದು ಕೆಲವರು. ಮಾನವರು ತೀರಿಸಲಾರದ ಋಣವನ್ನು ತೀರಿಸಿದನೆಂದು ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಬರೆದ ಆನ್ಸೆಲ್ಮನ ಅನುಯಾಯಿಗಳು. ಅವನ ಪ್ರೇಮವನ್ನು ಕಂಡು ನೋಡುವವನ ಹೃದಯವೇ ಕರಗಿ ತಿರುಗುವುದೆಂದು ಅಬೆಲಾರ್ಡನ ಪಂಥದವರು. ಕಥೋಲಿಕರು ಸಾಮಾನ್ಯವಾಗಿ ಯೇಸುವಿನ ದೇಹವಿರುವ ಶಿಲುಬೆಯನ್ನೂ ಪ್ರೊಟೆಸ್ಟಂಟರು ಬರಿಯ ಶಿಲುಬೆಯನ್ನೂ ಇಡುತ್ತಾರೆ. ಒಂದು ಸಾಯುತ್ತಿರುವವನನ್ನೂ ಮತ್ತೊಂದು ಮೂರನೆಯ ದಿನ ಎದ್ದವನನ್ನೂ ನೆನಪಿಗೆ ತರುತ್ತದೆ. ಭೇದಗಳು ಎಷ್ಟಿದ್ದರೂ, ಆ ನೋವು ಅವನ ಸ್ವಂತ ಲೆಕ್ಕದ್ದಲ್ಲವೆಂಬುದರಲ್ಲಿ ಎಲ್ಲರೂ ಒಂದೇ.

ನಾಟಕಗಳಲ್ಲಿ ನೋಡುವುದಾದರೆ ಶೂದ್ರಕನ ಮೃಚ್ಛಕಟಿಕವು ಎದುರಿಗೆ ನಿಲ್ಲುತ್ತದೆ. ಮಾಡದ ಕೊಲೆಯ ಆರೋಪವನ್ನು ಹೊತ್ತ ಚಾರುದತ್ತನು ಕಣಗಿಲೆಯ ಮಾಲೆಯನ್ನು ಧರಿಸಿ, ತನ್ನ ಶೂಲವನ್ನು ತಾನೇ ಹೆಗಲ ಮೇಲೆ ಹೊತ್ತು ರಾಜಬೀದಿಯಲ್ಲಿ ನಡೆಯುತ್ತಾನೆ. ಆದರೆ ಅಷ್ಟರಲ್ಲಿ ವಸಂತಸೇನೆಯು ಬರುತ್ತಾಳೆ, ನಾಯಕನು ಉಳಿಯುತ್ತಾನೆ, ಪ್ರಾಣ ತೆಗೆಯಲೆಳಸಿದ ಶಕಾರನಿಗೂ ಕ್ಷಮೆ ದೊರೆಯುತ್ತದೆ. ಆ ಕ್ಷಮೆಯು ಉದಾತ್ತವಾದುದೇ. ಆದರೂ ಅದು ಪಾರಾದ ಮೇಲಣ ಕ್ಷಮೆ. ಗೊಲ್ಗೊಥಾದಲ್ಲಿ ವಸಂತಸೇನೆಯು ಬರಲಿಲ್ಲ. ಅಲ್ಲಿ ಕ್ಷಮೆಯ ಮಾತು ಹೊರಟಿದ್ದು ಮೊಳೆ ಜಡಿದ ಮೇಲೆ, ಜಡಿದವರ ಪರವಾಗಿ. ನಾಯಕನ ಮರಣವನ್ನು ರಂಗದ ಮೇಲೆ ತೋರಿಸಲೊಲ್ಲದ ನಾಟ್ಯಸಂಪ್ರದಾಯದಲ್ಲಿ, ಭಾಸನ ಊರುಭಂಗದಂಥ ಒಂದೆರಡನ್ನು ಬಿಟ್ಟರೆ, ಈ ವಸ್ತುವಿಗೆ ಎಡೆಯೇ ಇರಲಿಲ್ಲ.

ಗೋವಿಂದ ಪೈಗಳ ಸಾಹಸವು ಇಲ್ಲಿದೆ. ಆದಿಪ್ರಾಸವನ್ನು ೧೯೧೧ರಷ್ಟು ಹಿಂದೆಯೇ ಕೈಬಿಟ್ಟ ಆ ಕವಿಯು ಕಾವ್ಯದ ಹೊರಗಣ ಕಟ್ಟನ್ನು ಮುರಿದಂತೆ, ಇಲ್ಲಿ ವಸ್ತುವಿನ ಕಟ್ಟನ್ನೂ ಮುರಿದರು. ಪಾರಾಗದ ನಾಯಕನೊಬ್ಬನ ಒಂದೇ ದಿನವನ್ನು ಕನ್ನಡಕ್ಕೆ ತಂದರು. ಕನ್ನಡ ಪದ್ಯದಲ್ಲಿ ಯೇಸುವಿನ ಚರಿತ್ರೆ ಅದಕ್ಕೆ ಮುಂಚೆ ಇರಲಿಲ್ಲವೆಂದಲ್ಲ. ಕಿಟ್ಟೆಲ್ ಪಂಡಿತರ "ಕಥಾಮಾಲೆ"ಯು ೧೮೬೨ರಲ್ಲಿಯೇ ಹೊರಬಂದಿತ್ತು. ಆದರೆ ಅದು ಮತಬೋಧಕನೊಬ್ಬನ ಕೃತಿ, ಇದು ಮತವನ್ನು ಬದಲಿಸದ, ಬದಲಿಸೆನ್ನದ ಕವಿಯ ಕೃತಿ. ಹೆಸರನ್ನು "ಕಪಾಲಸ್ಥಾನ"ವೆಂದು ಸಂಸ್ಕೃತೀಕರಿಸದೆ ಗೊಲ್ಗೊಥಾ ಎಂದೇ ಉಳಿಸಿದುದು ಅತ್ಯಂತ ಉಚಿತವಾಗಿದೆ. ಕಪಾಲವೆಂದೊಡನೆ ಭಿಕ್ಷಾಟನಶಿವನೂ ರುದ್ರಭೂಮಿಯೂ ಮನಸ್ಸಿಗೆ ಬಂದು, ಆ ಗುಡ್ಡವು ಮರೆಯಾಗುತ್ತಿತ್ತು.

ಆದರೆ ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಹಳಗನ್ನಡದ ಬಿಗಿಯೂ ಸಂಸ್ಕೃತದ ಘನತೆಯೂ ಬೆರೆತ ಆ ಶೈಲಿಯಲ್ಲಿ ಕರುಣವು ಗಂಭೀರವಾಗಿ ಹರಿಯುತ್ತದೆ. ಆದರೆ ಶಿಲುಬೆಯ ಅಪಮಾನವು ಆ ಗಾಂಭೀರ್ಯದೊಳಗೆ ಮುಚ್ಚಿಹೋಗುವ ಭಯವಿದೆ. ಗೊಲ್ಗೊಥಾದ ಸತ್ಯದಲ್ಲಿ ಬೀಭತ್ಸಕ್ಕೆ ಪಾಲುಂಟು: ಉಗುಳು, ಚಾವಟಿ, ಬೆತ್ತಲೆ, ದಾರಿಹೋಕರ ನಗೆ. ಪಟ್ಟೆಪೀತಾಂಬರದಂತಹ ಭಾಷೆಯು ಆ ಬೆತ್ತಲೆಗೆ ಹೊದಿಕೆಯಾಗುತ್ತದೆ. ಕಡೆಯ ದಿನವನ್ನೇ ಎಲ್ಲೆಯಾಗಿ ಮಾಡಿಕೊಂಡುದರಿಂದ ಮೂರನೆಯ ದಿನವು ಕಾವ್ಯದ ವಸ್ತುವಿನಿಂದ ಹೊರಗೆ ಉಳಿಯಿತೆಂದು ಕ್ರೈಸ್ತ ವಾಚಕನು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವುಂಟು: ನಂಬದವನಿಗೂ ದಾರಿ ತೆರೆದಿರುವುದು ಕಡೆಯ ದಿನದವರೆಗೆ ಮಾತ್ರ. ಅಲ್ಲಿಂದಾಚೆಯದು ಭಕ್ತರ ಅಂಗಳ. ಕವಿಯು ಹೊಸಿಲಿನ ಹೊರಗೆ ನಿಂತು ಕೈಮುಗಿದುದು ಔಚಿತ್ಯಜ್ಞಾನವೇ ಹೊರತು ಉದಾಸೀನವಲ್ಲ.

ಮಾದಿಹಳ್ಳಿ ಹಳೇಬೀಡುಗಳ ಸೀಮೆಯವರು ಈ ಚಿಹ್ನೆಯ ಹೊಸತನವನ್ನು ಅಳೆಯಲು ದೂರ ಹೋಗಬೇಕಾಗಿಲ್ಲ. ಹೊಯ್ಸಳೇಶ್ವರನ ಗುಡಿಯ ಬಳಿಯ ಗರುಡಗಂಬವೇ ಸಾಕು. ಎರಡನೆಯ ವೀರಬಲ್ಲಾಳನು ಸುಮಾರು ೧೨೨೦ರಲ್ಲಿ ಕಾಲವಾಗಲು, ಅವನ ಗರುಡನಾಗಿದ್ದ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ಪರಿವಾರದೊಡನೆಯೂ ಪ್ರಾಣವನ್ನೊಪ್ಪಿಸಿದ ನೆನಪು ಆ ಕಂಬದಲ್ಲಿದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರು ಅದರ ಮೇಲೆ ಕೆತ್ತಲ್ಪಟ್ಟಿದ್ದಾರೆ. ನಾಡಿನ ವೀರಗಲ್ಲುಗಳೂ ಒಡೆಯನಿಗಾಗಿ, ಊರಿಗಾಗಿ, ತುರುಗಳಿಗಾಗಿ ಮಡಿದವರವೇ. ಅವುಗಳ ಧರ್ಮವು ಒಂದೇ: ಉಂಡ ಉಪ್ಪಿಗೆ ಆಳು ಪ್ರಾಣ ಕೊಡಬೇಕು. ಶಿಲುಬೆಯು ಈ ಕ್ರಮವನ್ನು ತಲೆಕೆಳಗು ಮಾಡಿ, ಆಳಿಗಾಗಿ, ಅದೂ ಉಪ್ಪುಂಡು ಎರಡು ಬಗೆದ ಆಳಿಗಾಗಿ, ಒಡೆಯನೇ ಸತ್ತನೆಂದು ಹೇಳುತ್ತದೆ. ಗರುಡಗಂಬದ ಮುಂದೆ ನಿಂತು ಬೆಳೆದ ಮನಸ್ಸಿಗೆ ಈ ಮಾತು ಎಷ್ಟು ವಿಚಿತ್ರವೋ ಅಷ್ಟೇ ಬಲವಾಗಿ ನಾಟಬೇಕು. ಇದನ್ನು ದಧೀಚಿಯ ದಾನವೆಂದೋ ನೀಲಕಂಠನ ವಿಷಪಾನವೆಂದೋ ಕರೆದು ಸುಮ್ಮನಾದರೆ ಆ ವೈಚಿತ್ರ್ಯವೇ ನಷ್ಟವಾಗುತ್ತದೆ. ದಧೀಚಿಯು ದೇವತೆಗಳಿಗಾಗಿ ಎಲುಬನ್ನು ಕೊಟ್ಟನು. ಶತ್ರುವಿಗಾಗಿ ಅಲ್ಲ. ನೀಲಕಂಠನು ಲೋಕವನ್ನು ಉಳಿಸಿ ತಾನೂ ಉಳಿದನು.

ಇದೇ ಹಾಸನದ ಸೀಮೆಯಲ್ಲಿ, ಹೇಮಾವತಿಯ ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ, ಫ್ರೆಂಚ್ ಪಾದ್ರಿಗಳು ೧೮೬೦ರ ಸುಮಾರಿಗೆ ಕಟ್ಟಿಸಿದ ಇಗರ್ಜಿಯೊಂದು ಛಾವಣಿಯಿಲ್ಲದೆ ನಿಂತಿದೆ. ಗೊರೂರಿನ ಅಣೆಕಟ್ಟಿನ ನೀರು ಏರಿದ ಮೇಲೆ ಊರವರು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಗೋಡೆಗಳು ಮುಳುಗುತ್ತವೆ, ಬೇಸಗೆಯಲ್ಲಿ ಮೇಲೇಳುತ್ತವೆ. ಈಗ ಅಲ್ಲಿಗೆ ಹೋಗುವವರು ಬಹುಮಂದಿ; ಕಮಾನುಗಳ ಚೆಲುವನ್ನು ಕಂಡು ಮೆಚ್ಚಿ ಮರಳುತ್ತಾರೆ. ಅದು ತಪ್ಪಲ್ಲ. ಆದರೆ ಅಲ್ಲಿ ಮೊಣಕಾಲೂರಿದವರು ಕಂಡುದು ಕಮಾನುಗಳನ್ನಲ್ಲ. ಚಿಹ್ನೆಯ ಅರ್ಥವು ಕಲ್ಲಿನೊಡನೆ ಉಳಿಯದೆ ಜನರೊಡನೆ ಊರು ಬಿಟ್ಟು ಹೋಯಿತು. ಗೊಲ್ಗೊಥಾವನ್ನು ಓದುವವರು ಅದರ ಪದಬಂಧವನ್ನು ಮೆಚ್ಚಿ ಪುಸ್ತಕವನ್ನು ಮುಚ್ಚುವ ಮುನ್ನ, ನೆರೆಮನೆಯ ಕ್ರೈಸ್ತನು ಆ ಮರದಲ್ಲಿ ಏನನ್ನು ಕಾಣುತ್ತಾನೆಂದು ಒಮ್ಮೆ ಕೇಳಿ ತಿಳಿಯುವುದು ಒಳ್ಳೆಯದು. ಕಾವ್ಯವು ಅಲ್ಲಿಯವರೆಗೆ ಕರೆದೊಯ್ದರೆ ತನ್ನ ಕೆಲಸವನ್ನು ಮಾಡಿದಂತೆಯೇ ಸರಿ.