ಸಾಹಿತ್ಯದಲ್ಲಿ ಹುಟ್ಟು ಹಿಡಿದ ಕೈ

ಕನ್ನಡ ಕಾವ್ಯಪರಂಪರೆಗೆ ದೋಣಿಯು ಅಪರಿಚಿತ ವಸ್ತುವಲ್ಲ. ಸಂಸಾರವನ್ನು ಸಾಗರವೆಂದೂ ಭಗವಂತನನ್ನು ಅಂಬಿಗನೆಂದೂ ಭಾವಿಸಿ, ದಾಟಿಸೆಂದು ಮೊರೆಯಿಡುವ ದಾಸರ ಕೀರ್ತನೆ ನಮ್ಮಲ್ಲಿ ಮನೆಮಾತಾಗಿದೆ. ಆದರೆ ಅಲ್ಲಿ ಮಾತನಾಡುವವನು ದೋಣಿಯಲ್ಲಿ ಕುಳಿತ ಪಯಣಿಗ, ಹುಟ್ಟು ಹಾಕುವವನಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನು ತನ್ನ ಕಾಯಕದ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡನು. ಅವನಲ್ಲಿ ದಡ ಮುಟ್ಟಿಸುವವನೇ ಬಾಯಿ ತೆರೆದು ಮಾತನಾಡಿದನು. ಪಯಣಿಗನ ಮಾತಿಗೂ ಅಂಬಿಗನ ಮಾತಿಗೂ ಇರುವ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ದೋಣಿ ನಡೆಸುವುದನ್ನೇ ವಸ್ತುವಾಗಿ ಬೆಳೆಸಿದ ಆಂಗ್ಲ ಸಾಹಿತ್ಯವನ್ನೂ ಅಮೆರಿಕದ ಚಲಚ್ಚಿತ್ರಗಳನ್ನೂ ಇಲ್ಲಿ ಪರಿಶೀಲಿಸಬಹುದು.

ಮೊದಲು ಥೇಮ್ಸ್ ನದಿ. ಚಾರ್ಲ್ಸ್ ಡಿಕನ್ಸನ 'ಅವರ್ ಮ್ಯೂಚುಯಲ್ ಫ್ರೆಂಡ್' (1864–65) ಕಾದಂಬರಿಯು ಲಂಡನ್ನಿನ ಎರಡು ಸೇತುವೆಗಳ ನಡುವೆ, ಶರತ್ಕಾಲದ ಮುಸ್ಸಂಜೆಯಲ್ಲಿ ಆರಂಭವಾಗುತ್ತದೆ. ಲಿಜ್ಜಿ ಹೆಕ್ಸಮ್ ಎಂಬ ಬಡ ಹುಡುಗಿ ಹುಟ್ಟು ಹಾಕುತ್ತಿದ್ದಾಳೆ. ಅವಳ ತಂದೆ ನೀರಿನ ಮೇಲೆ ಕಣ್ಣು ನೆಟ್ಟು ಕುಳಿತಿದ್ದಾನೆ. ನದಿಯಲ್ಲಿ ತೇಲಿಬರುವ ಹೆಣಗಳನ್ನು ಹುಡುಕುವುದು ಅವನ ಜೀವನೋಪಾಯ. ಮಗಳ ಕೈಗೆ ದೋಣಿ ಹಗುರ, ಮನಸ್ಸಿಗೆ ಭಾರ. ಕಥೆ ಬಹುದೂರ ಸಾಗಿದ ಮೇಲೆ, ಹೊಡೆತ ತಿಂದು ನದಿಗೆ ಬಿದ್ದ ಯೂಜೀನ್ ರೇಬರ್ನ್ ಎಂಬ ಕುಲೀನ ತರುಣನನ್ನು ಅವಳ ಈ ಹಳೆಯ ಕೌಶಲವೇ ಬದುಕಿಸುತ್ತದೆ. ಅಸಹ್ಯಪಟ್ಟುಕೊಂಡು ಕಲಿತ ವಿದ್ಯೆ ಪ್ರೀತಿಯ ಸಾಧನವಾಗುತ್ತದೆ. ಅವರಿಬ್ಬರ ವಿವಾಹವಾದ ಮೇಲೆ ಶ್ರೀಮಂತರ ಭೋಜನಕೂಟವೊಂದರಲ್ಲಿ ನಡೆಯುವ ಚರ್ಚೆಯನ್ನು ಗಮನಿಸಬೇಕು: ಮೇಲ್ಕುಲದ ಯುವಕನು ಅಂಬಿಗಿತ್ತಿಯನ್ನು ಮದುವೆಯಾದುದು ಸರಿಯೆ ಎಂಬುದು ಅಲ್ಲಿಯ ಪ್ರಶ್ನೆ. ಆ ಹುಟ್ಟು ಒಂದು ಪ್ರಾಣವನ್ನು ಉಳಿಸಿತೆಂಬುದು ಆ ಕೂಟಕ್ಕೆ ಮುಖ್ಯವಲ್ಲ. ಹುಟ್ಟು ಹಿಡಿದವಳ ಹುಟ್ಟು ಯಾವುದೆಂಬುದೇ ಮುಖ್ಯ. ಈ ಎರಡು ಅರ್ಥಗಳನ್ನೂ ಒಂದೇ ಶಬ್ದದಲ್ಲಿ ಹಿಡಿದಿಟ್ಟ ನಮ್ಮ ಭಾಷೆ ಡಿಕನ್ಸನ ವ್ಯಂಗ್ಯಕ್ಕೆ ಹೇಳಿ ಮಾಡಿಸಿದಂತಿದೆ.

ಇಪ್ಪತ್ತೈದು ವರ್ಷಗಳೊಳಗಾಗಿ ಅದೇ ನದಿ ವಿನೋದದ ನದಿಯಾಯಿತು. ಜೆರೋಮ್ ಕೆ. ಜೆರೋಮನ 'ತ್ರೀ ಮೆನ್ ಇನ್ ಎ ಬೋಟ್' (1889) ಕೃತಿಯಲ್ಲಿ ಮೂವರು ಗೆಳೆಯರೂ ಒಂದು ನಾಯಿಯೂ ಕಿಂಗ್‌ಸ್ಟನ್ನಿನಿಂದ ಆಕ್ಸ್‌ಫರ್ಡಿಗೆ ಹೊರಡುತ್ತಾರೆ. ಇವರಿಗೆ ದೋಣಿ ನಡೆಸುವುದು ಹೊಟ್ಟೆಪಾಡಲ್ಲ, ರಜೆ. ಆದುದರಿಂದಲೇ ಪ್ರತಿಯೊಬ್ಬನೂ ತಾನೇ ಹೆಚ್ಚು ದುಡಿಯುತ್ತಿರುವೆನೆಂದು ದೂರುವುದು ಹಾಸ್ಯವಾಗುತ್ತದೆ. ಲಿಜ್ಜಿ ಹೀಗೆ ದೂರಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ. ಆದರೂ ಜೆರೋಮನನ್ನು ಬರಿಯ ವಿನೋದಗಾರನೆಂದು ಬದಿಗಿಡುವುದು ನ್ಯಾಯವಲ್ಲ. ಗೋರಿಂಗ್ ಎಂಬ ಊರಿನ ಬಳಿ ಈ ಗೆಳೆಯರಿಗೆ ನೀರಿನಲ್ಲಿ ತೇಲುತ್ತಿರುವ ಹೆಂಗಸೊಬ್ಬಳ ಶವ ಎದುರಾಗುತ್ತದೆ. ಮೋಸಹೋಗಿ, ಎಲ್ಲರಿಂದ ಪರಿತ್ಯಕ್ತಳಾಗಿ, ಅಲ್ಪ ಕೂಲಿಯಲ್ಲಿ ತನ್ನನ್ನೂ ಮಗುವನ್ನೂ ಸಾಕಲು ಹೆಣಗಿ ಸೋತವಳು ಅವಳು. ಒಂದೆರಡು ಪುಟಗಳ ಮಟ್ಟಿಗೆ ನಗೆ ನಿಂತುಹೋಗುತ್ತದೆ. ಡಿಕನ್ಸನ ನದಿ ಅಲ್ಲಿಯೂ ಹರಿಯುತ್ತಲೇ ಇತ್ತೆಂಬುದು ನಮಗೆ ಮನವರಿಕೆಯಾಗುತ್ತದೆ.

ಈ ಎರಡು ಕೃತಿಗಳ ನಡುವಣ ಕಾಲದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1839ರಲ್ಲಿ ಆರಂಭವಾದ ಹೆನ್ಲಿ ದೋಣಿ ಪಂದ್ಯಗಳ ವ್ಯವಸ್ಥಾಪಕರು 1879ರಲ್ಲಿ ಹವ್ಯಾಸಿ ಎಂಬ ಶಬ್ದಕ್ಕೆ ಒಂದು ಲಕ್ಷಣವನ್ನು ಕಟ್ಟಿದರು. ಅದರ ಪ್ರಕಾರ ಕೂಲಿಗಾಗಿ ಕೈಕೆಲಸ ಮಾಡಿದ ಕುಶಲಕರ್ಮಿಯಾಗಲಿ ಕಾರ್ಮಿಕನಾಗಲಿ ಅಲ್ಲಿ ಸ್ಪರ್ಧಿಸುವಂತಿರಲಿಲ್ಲ. ತೋಳಿನ ಬಲವೇ ಪ್ರಧಾನವಾದ ಪಂದ್ಯದಲ್ಲಿ ತೋಳಿನಿಂದ ದುಡಿದವನಿಗೆ ಪ್ರವೇಶವಿಲ್ಲ! 1920ರಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ್ದ ಅಮೆರಿಕದ ಜಾನ್ ಕೆಲಿಯ ಅರ್ಜಿ ಹೆನ್ಲಿಯಲ್ಲಿ ತಿರಸ್ಕೃತವಾಯಿತು. ಅವನ ಸಂಘದ ಮೇಲಿದ್ದ ಹಳೆಯ ನಿಷೇಧವೂ ಅದಕ್ಕೆ ಕಾರಣವಾಗಿತ್ತು. ಅದೇ ವರ್ಷ ಆಂಟ್ವರ್ಪಿನ ಒಲಿಂಪಿಕ್ಸಿನಲ್ಲಿ ಅವನು ಚಿನ್ನದ ಪದಕ ಗೆದ್ದನು. ಕಾರ್ಮಿಕರನ್ನು ಹೊರಗಿಟ್ಟ ಆ ನಿಯಮ ರದ್ದಾದುದು 1937ರಲ್ಲಿ.

ಈ ಹಿನ್ನೆಲೆಯಲ್ಲಿ ಡೇನಿಯಲ್ ಜೇಮ್ಸ್ ಬ್ರೌನರ 'ದಿ ಬಾಯ್ಸ್ ಇನ್ ದಿ ಬೋಟ್' (2013) ಗ್ರಂಥವನ್ನು ಓದಬೇಕು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಎಂಟು ಮಂದಿ ಹುಟ್ಟುಗಾರರೂ ಒಬ್ಬ ಚುಕ್ಕಾಣಿಗನೂ ಇಟಲಿಯನ್ನು ಕೇವಲ 0.6 ಸೆಕೆಂಡುಗಳ ಅಂತರದಲ್ಲಿ ಹಿಂದಿಕ್ಕಿದ ಇತಿಹಾಸ ಅದು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಅವರಲ್ಲಿ ಹಲವರು ದುಡಿಯುವ ಮನೆಗಳಿಂದ ಬಂದವರು. ಇಂತಹ ವಸ್ತುವಿನಲ್ಲಿ ಲೇಖಕನಿಗೆ ಒಂದು ತೊಡಕುಂಟು. ಕಥೆ ನಾಯಕನನ್ನು ಬೇಡುತ್ತದೆ. ಎಂಟು ಹುಟ್ಟುಗಳ ದೋಣಿಯಾದರೋ ನಾಯಕನನ್ನು ಸಹಿಸುವುದಿಲ್ಲ. ಒಬ್ಬನು ಮೆರೆಯಹೊರಟರೆ ದೋಣಿ ಅಡ್ಡಾಡುತ್ತದೆ. ಬ್ರೌನರು ಕಂಡುಕೊಂಡ ಪರಿಹಾರ ಸೊಗಸಾದುದು. ಹುಡುಗನಾಗಿದ್ದಾಗಲೇ ಮನೆಯವರಿಂದ ಕೈಬಿಡಲ್ಪಟ್ಟ ಜೋ ರಾಂಟ್ಜನನ್ನು ಅವರು ನಡುವಿಗೆ ತಂದರು. ಯಾರನ್ನೂ ನೆಚ್ಚಬಾರದೆಂದು ಕಲಿತವನು ಅವನು. ದೋಣಿ ಅವನಿಂದ ಕೇಳುವುದು ಇತರರಲ್ಲಿ ನೆಚ್ಚಿಕೆಯನ್ನೇ. ಹೀಗೆ ಒಬ್ಬನ ಅಂತರಂಗದ ಕಥೆಯೇ ಎಂಟು ಜನರ ಕಥೆಯಾಗುತ್ತದೆ.

ಗ್ರಂಥದ ಇನ್ನೊಂದು ಜೀವಾಳ ದೋಣಿ ಕಟ್ಟುವ ಜಾರ್ಜ್ ಪೋಕಾಕ್. ಅವನ ತಂದೆ ಇಂಗ್ಲೆಂಡಿನಲ್ಲಿ ಈಟನ್ ಶಾಲೆಯ ಸಿರಿವಂತ ಮಕ್ಕಳಿಗೆ ದೋಣಿ ಕಟ್ಟಿಕೊಡುತ್ತಿದ್ದವನು. ಮಗನು ಆ ಕಸುಬನ್ನು ಹೊತ್ತು ಕಡಲು ದಾಟಿ, ಅಮೆರಿಕದ ಪಶ್ಚಿಮ ತೀರದ ದೇವದಾರಿನಲ್ಲಿ ಬಡವರ ಮಕ್ಕಳಿಗಾಗಿ ದೋಣಿ ಕೊರೆದನು. ಪ್ರತಿ ಅಧ್ಯಾಯದ ನೆತ್ತಿಯಲ್ಲಿಯೂ ಅವನ ಮಾತನ್ನಿರಿಸಿದುದು ಬ್ರೌನರ ಔಚಿತ್ಯಪ್ರಜ್ಞೆಗೆ ಸಾಕ್ಷಿ.

ಜಾರ್ಜ್ ಕ್ಲೂನಿ ನಿರ್ದೇಶಿಸಿದ ಚಿತ್ರ (2023) ಈ ಮಟ್ಟವನ್ನು ಮುಟ್ಟಲಿಲ್ಲ. ನೀರು, ಬೆಳಕು, ಒಂದೇ ಲಯದಲ್ಲಿ ಬಾಗುವ ಬೆನ್ನುಗಳು—ಇವೆಲ್ಲ ಕಣ್ಣಿಗೆ ಹಬ್ಬವೇ. ಆದರೆ ಮೂರು ವರ್ಷಗಳ ಕಥೆಯನ್ನು ಒಂದೇ ವರ್ಷಕ್ಕೆ ಅಡಕಿಸಿದ್ದರಿಂದ, ನಿಧಾನವಾಗಿ ಮೊಳೆಯಬೇಕಾದ ನೆಚ್ಚಿಕೆ ದಿಢೀರನೆ ಅರಳಿಬಿಡುತ್ತದೆ, ಉಳಿಯುವುದು ಪದಕ. ಇದಕ್ಕೆ ಪ್ರತಿಯಾಗಿ, ಡೇವಿಡ್ ಫಿಂಚರನ 'ದಿ ಸೋಶಿಯಲ್ ನೆಟ್‌ವರ್ಕ್' (2010) ಚಿತ್ರದಲ್ಲಿ ಹೆನ್ಲಿಯ ದೃಶ್ಯ ಕೆಲವೇ ನಿಮಿಷಗಳದಾದರೂ ಅರ್ಥವತ್ತಾಗಿದೆ. ಅಲ್ಲಿ ಸಿರಿವಂತ ಮನೆತನದ ಅವಳಿ ಸೋದರರು ಕೂದಲೆಳೆಯ ಅಂತರದಲ್ಲಿ ಸೋಲುತ್ತಾರೆ. ನೂರಾರು ವರ್ಷಗಳ ಶಿಷ್ಟಾಚಾರವು ಹೊಸ ಕಾಲದ ವೇಗದ ಮುಂದೆ ಆಟಿಕೆಯಂತೆ ಕಾಣುತ್ತದೆ.

ದೋಣಿಯ ಕಥೆ ಗೆಲವನ್ನು ನೆಚ್ಚಿದಾಗ ತೆಳುವಾಗುತ್ತದೆ. ಹುಟ್ಟು ಹಿಡಿದ ಕೈ ಯಾರದೆಂದು ಕೇಳಿದಾಗ ತೂಕ ಪಡೆಯುತ್ತದೆ. ಪಂದ್ಯದ ಹುಟ್ಟುಗಾರನು ಹೋಗುವ ದಿಕ್ಕಿಗೆ ಬೆನ್ನು ಮಾಡಿ, ಬಿಟ್ಟುಬಂದ ದಡವನ್ನೇ ನೋಡುತ್ತ ಮುಂದೆ ಸಾಗುತ್ತಾನೆ. ಊರು ಬಿಟ್ಟು ಬಂದ ನಮಗೆ ಈ ಭಂಗಿಯನ್ನು ವಿವರಿಸಬೇಕಾದುದಿಲ್ಲ. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ನಮ್ಮ ದೋಣಿಗೂ ಹುಟ್ಟು ಹಾಕಿದವರೇ. ಹೊರನಾಡ ಕನ್ನಡಿಗರ ಕಥೆಯನ್ನು ನಾವು ಬರೆಯುವಾಗ ಪಯಣಿಗರಾಗಿ ಬರೆಯುತ್ತಿರುವೆವೋ, ಚೌಡಯ್ಯನ ಪಕ್ಕದಲ್ಲಿ ಕುಳಿತು ಬರೆಯುತ್ತಿರುವೆವೋ ಎಂಬುದನ್ನು ಸಹೃದಯರು ವಿಚಾರಿಸಬೇಕು.