ಮುಕ್ಕಳಿಸುವ ಅರಿಶಿನ, ನುಂಗುವ ಅರಿಶಿನ

ಪೀಣ್ಯದಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದ ನಮ್ಮ ಪಕ್ಕದ ಮನೆಯವರ ಗಂಟಲಿಗೆ ಈಗ 'ಕರೆಂಟ್', ಅಂದರೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ, ಕೊಡುತ್ತಿದ್ದಾರೆ. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯುತ್ತಿಲ್ಲ. ಅವರ ಮನೆಯಾಕೆ ಜಾಲಹಳ್ಳಿ ಕ್ರಾಸಿನ ಗ್ರಂದಿಗೆ ಅಂಗಡಿಯಿಂದ ಅಮೃತಬಳ್ಳಿ ಪುಡಿ, ತುಳಸಿ ಹನಿ, ಅರಿಶಿನದ ಕ್ಯಾಪ್ಸೂಲ್ ತಂದು ಟಿವಿ ಪಕ್ಕ ಸಾಲಾಗಿಟ್ಟಿದ್ದಾರೆ. "ಗಿಡಮೂಲಿಕೆ ತಾನೇ, ಏನಾಗುತ್ತೆ?" ಅನ್ನುತ್ತಾರೆ.

ಮೂಲಿಕೆ ಕಿರಣದ ಹಾನಿಯಿಂದ ಕಾಪಾಡುತ್ತದೆ ಎಂಬ ನಂಬಿಕೆ ಬರೀ ಅಜ್ಜಿಕತೆಯಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲೇ ತುಳಸಿ ಎಲೆಯಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ತೆಗೆದರು. ಅವನ್ನು ಕೊಟ್ಟಾಗ, ಗಾಮಾ ಕಿರಣಕ್ಕೆ ಸಾಯಬೇಕಿದ್ದ ಇಲಿಗಳಲ್ಲಿ ಎಷ್ಟೋ ಉಳಿದವು. ಸೊಗಸಾದ ಕೆಲಸ. ಆದರೆ ಅಲ್ಲಿ ಕಿರಣ ಬೀಳುವ ಮೊದಲೇ ಚುಚ್ಚುಮದ್ದು ಕೊಟ್ಟಿದ್ದರು, ಕಿರಣ ಬಿದ್ದದ್ದೂ ಇಡೀ ಮೈಗೆ. ಆರೇಳು ವಾರ ದಿನಾ ಗಂಟಲಿಗಷ್ಟೇ ಕಿರಣ ಹಾಯಿಸಿಕೊಳ್ಳುವ ಮನುಷ್ಯನಿಗೂ ಆ ಇಲಿಗೂ ಬಹಳ ದೂರ.

ನನಗೆ ಹೆಚ್ಚು ಹಿಡಿಸಿದ್ದು 2014ರಲ್ಲಿ ಪ್ರಕಟವಾದ ಮಂಗಳೂರಿನ ಅಧ್ಯಯನ. ತಲೆ-ಕತ್ತಿನ ಕ್ಯಾನ್ಸರಿನ 80 ರೋಗಿಗಳಲ್ಲಿ ಅರ್ಧ ಜನ ಅರಿಶಿನದ ನೀರು, ಉಳಿದವರು ಪೊವಿಡೋನ್ ಅಯೋಡಿನ್ ಮುಕ್ಕಳಿಸಿದರು. ಅರಿಶಿನದವರಿಗೆ ಹುಣ್ಣು ತಡವಾಗಿ ಬಂತು, ಬಂದದ್ದೂ ಹಗುರ, ತೂಕವೂ ಕಡಿಮೆ ಇಳಿಯಿತು. ಕೊರತೆಯೂ ಉಂಟು: ಜನ ಕಡಿಮೆ. ಯಾವ ಮದ್ದು ಎಂದು ರೋಗಿಗೆ ತಿಳಿಯಬಾರದು, ಆದರೆ ಅರಿಶಿನದ ಬಣ್ಣವನ್ನು ಬಾಯಿಗೆ ಹಾಕಿಕೊಂಡವರಿಂದ ಮುಚ್ಚಿಡುವುದು ಹೇಗೆ? ಬರೀ ಉಪ್ಪುನೀರಿನ ಎದುರು ಹೋಲಿಸಿದ್ದರೆ ಇನ್ನೂ ಚೆನ್ನಾಗಿತ್ತು. ಆದರೂ ಅಗ್ಗದ, ಮುಕ್ಕಳಿಸಿ ಉಗಿಯುವ ಮದ್ದು. ಡಾಕ್ಟರು ಹೂಂ ಅಂದರೆ ನಾನು ಇದರ ಪರ.

ನುಂಗುವ ಮಾತು ಬೇರೆ. ಅಮೆರಿಕದಲ್ಲಿ 600ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳಿಗೆ ಅರಿಶಿನದ ಕರ್ಕ್ಯುಮಿನ್ ನುಂಗಿಸಿ ನೋಡಿದರೂ ಕಿರಣಕ್ಕೆ ಚರ್ಮ ಸುಡುವುದು ತಗ್ಗಲಿಲ್ಲ. ಉಪಯೋಗವಿಲ್ಲದಿದ್ದರೆ ದುಡ್ಡಷ್ಟೇ ದಂಡ ಅನ್ನುವಂತೆಯೂ ಇಲ್ಲ. ಕಿರಣ ಗಡ್ಡೆಯನ್ನು ಕೊಲ್ಲುವುದು ಬಹುಪಾಲು ಫ್ರೀ ರ‍್ಯಾಡಿಕಲ್‌ಗಳ ಮೂಲಕ. ಅವನ್ನೇ ಹಿಡಿದು ಕಟ್ಟುವ ಆಂಟಿಆಕ್ಸಿಡೆಂಟು ಒಳ್ಳೆಯ ಜೀವಕೋಶ ಯಾವುದು, ಗಡ್ಡೆ ಯಾವುದು ಎಂದು ಕೇಳಿ ಕಾಯುತ್ತದೆಯೇ? ಕೆನಡಾದಲ್ಲಿ ಕಿರಣ ಚಿಕಿತ್ಸೆ ಪಡೆಯುತ್ತಿದ್ದ 540 ರೋಗಿಗಳ ಮೇಲೆ ವಿಟಮಿನ್ ಇ, ಬೀಟಾ ಕೆರೋಟಿನ್ ಪ್ರಯೋಗಿಸಿದಾಗ (2005) ಅಡ್ಡಪರಿಣಾಮ ಕೊಂಚ ತಗ್ಗಿತು, ಗಡ್ಡೆ ಮರುಕಳಿಸುವುದು ಮಾತ್ರ ಹೆಚ್ಚಿದಂತೆ ಕಂಡಿತು. ಅವು ಮೂಲಿಕೆಯಲ್ಲ, ನಿಜ. ಆದರೆ ಕ್ಯಾಪ್ಸೂಲಿನ ಡಬ್ಬಿ ಮಾರಾಟವಾಗುವುದು ಅದೇ ಆಂಟಿಆಕ್ಸಿಡೆಂಟ್ ಹೆಸರಿನಲ್ಲಿ.

ಮನೆಯಲ್ಲಿ ಯಾರಿಗಾದರೂ ಕರೆಂಟ್ ಕೊಡಿಸುತ್ತಿದ್ದರೆ, ಟಿವಿ ಪಕ್ಕದ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ನಾಳೆ ಹೋಗುವಾಗ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.